ಪಕ್ಕದ ಮನೆಯ ಕಸ ಓದಿದ ಮೈದುನ

ನಮ್ಮ ಮೈದುನನಿಗೆ ಮದುವೆಯಾಗಲಿಲ್ಲ. ಅದಕ್ಕೆ ಜಾತಕ ಕಾರಣವಲ್ಲ, ಕಸ ಕಾರಣ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ತಿಂದವನು ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಅವರ ತಿಪ್ಪೆ ಕೆದಕಿ ಬಂದ. ದಾರಿಯಲ್ಲಿ ನಾನು, "ಹುಡುಗಿ ಹೇಗಿದ್ದಾಳಯ್ಯ?" ಅಂತ ಕೇಳಿದರೆ, "ಇವರ ಅಜ್ಜಿ ಕಾಲದಲ್ಲಿ ಚೆನ್ನಾಗಿ ಮೀನು ತಿಂದಿದ್ದಾರೆ, ಈಗ ಒಪ್ಪಿಕೊಳ್ಳಲ್ಲ" ಅಂದ! ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ?

ಆದರೆ ಸಂಬಳ ಕೊಡುವವರು ಸಿಕ್ಕರು. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ರೈಲು ಹಳಿ ಹಾಸಿದ ಚೀನೀ ಕೂಲಿಗಳ ಶಿಬಿರವೊಂದನ್ನು ಅಗೆಯುವ ತಂಡಕ್ಕೆ ಸೇರಿಕೊಂಡ. ಕೂಲಿಗಳು ಉಂಡು ಎಸೆದ ಬಟ್ಟಲಿನ ಚೂರು, ಉಪ್ಪು ಮೀನಿನ ಮುಳ್ಳು, ಅಂಗಿಯ ಗುಂಡಿ ಇವನ್ನೆಲ್ಲ ಹೆಕ್ಕಿ ತೊಳೆದು ಜೋಡಿಸುವುದೇ ಕೆಲಸ. ನಾನು ನಲವತ್ತು ವರ್ಷ ನರ್ಸ್ ಆಗಿ ಕಸವನ್ನು ಮನುಷ್ಯರಿಂದ ದೂರ ಇಡುವುದಕ್ಕೆ ಹೆಣಗಿದವಳು. ಇವನು ಅದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನಕ್ಕೆ ತೋರಿಸುವವನು. ನಮ್ಮಿಬ್ಬರಿಗೆ ಹೇಗೆ ಹೊಂದಬೇಕು?

ಅಮೆರಿಕದಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ "ಎರಡು ವಾರ ಇದ್ದು ಹೋಗ್ತೀನಿ ಅತ್ತಿಗೆ" ಅಂತ ಐರ್ಲೆಂಡಿನ ಸ್ಲೈಗೋದ ನಮ್ಮ ಮನೆಗೆ ಬಂದ. ಬಂದ ವಾರಕ್ಕೇ ಕೊರೋನ ಬಂತು, ವಿಮಾನ ನಿಂತಿತು, ಇವನು ಉಳಿದ. ಅದರ ಮೇಲೆ ಸರ್ಕಾರದವರು, ಎಪ್ಪತ್ತು ದಾಟಿದವರೆಲ್ಲ ಮನೆಯೊಳಗೇ 'ಕಕೂನ್' ಆಗಿರಬೇಕು ಅಂದರು. ನಾನೇನು ರೇಷ್ಮೆ ಹುಳುವೇ? ಬೆಳಿಗ್ಗೆ ಐದೂವರೆಗೆ ಎದ್ದು ಆರಕ್ಕೆ ನಡೆದು ಏಳಕ್ಕೆ ತಿಂಡಿ ಮುಗಿಸುವವಳನ್ನು ಗೂಡು ಕಟ್ಟಿಕೊಂಡು ಕೂತಿರು ಅಂದರೆ ಮೈ ಉರಿಯುವುದಿಲ್ಲವೇ? ಆ ಗೂಡಿನೊಳಗೆ ಜೊತೆಗೆ ಇವನು!

ಊಟದ ಮೇಜು ಇವನ ಕಚೇರಿಯಾಯಿತು. ಬಟ್ಟಲು ಚೂರುಗಳ ಫೋಟೋ ಹರಡಿಕೊಂಡು ವರದಿ ಬರೆಯುತ್ತಿದ್ದ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಬೇಸರವಾದಾಗ ನನ್ನ ಗುಲಾಬಿ ಪಾತಿ ಅಗೆದು, ಹಳೆಯ ಟೀ ಕಪ್ಪಿನ ಚೂರು ತೆಗೆದು ಸಿಂಕಿನಲ್ಲಿ ತಿಕ್ಕುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, "ಏನೇ ಇದು, ಪೇಸ್ಟು ಮಣ್ಣು ಮಣ್ಣು?" ಅಂದರು. ಯಾತರಿಂದ ತಿಕ್ಕುತ್ತಿದ್ದ ಅಂತ ಆಗ ಗೊತ್ತಾಯಿತು! ಯಜಮಾನರು ಬಾಯಿ ಮುಕ್ಕಳಿಸಿ ಹಿತ್ತಿಲ ಶೆಡ್ಡಿಗೆ ಹೋಗಿ ಕೂತರು. ಅವರು ಹೀಗೆಯೇ. ಬೈಯುವ ಕೆಲಸವನ್ನು ಐವತ್ತು ವರ್ಷದಿಂದ ನನಗೇ ವಹಿಸಿದ್ದಾರೆ.

ಇವನಿಗೂ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಯಾವುದೋ ಪತ್ರಿಕೆಯವಳು ವೀಡಿಯೋದಲ್ಲಿ ಶಿಬಿರದ ಬಗ್ಗೆ ಕೇಳುತ್ತಿದ್ದಳು. ಹತ್ತು ನಿಮಿಷವಾದರೂ ಅಫೀಮು ಬಿಟ್ಟು ಬೇರೆ ಮಾತಿಲ್ಲ. ಇವನು ಫೋನು ಕುಕ್ಕಿ, "ಗೋಣಿಗಟ್ಟಲೆ ಅನ್ನದ ಬಟ್ಟಲು ಸಿಕ್ಕಿದೆ ಅತ್ತಿಗೆ, ಅಫೀಮು ಕೊಳವೆ ಒಂದೇ ಒಂದು. ಇವರಿಗೆ ಆ ಕೊಳವೆಯೇ ಬೇಕು! ಅವರು ಉಂಡದ್ದು ಯಾರಿಗೂ ಬೇಡವಾ?" ಅಂದ. ಹಾಗೆಂದವನು ಒಂದು ಫೋಟೋ ನನ್ನ ಮುಂದೆ ತಳ್ಳಿದ. ಗುಡಿಸಿಲಿನ ಒಂದು ಮೂಲೆ. ಅಲ್ಲಿ ಬೆರಳುದ್ದದ ಔಷಧದ ಸೀಸೆಗಳು ರಾಶಿ, ಗಂಜಿಯ ಚಮಚ ಒಂದು. ಬೇರೆ ಕಡೆ ಇದ್ದ ಹಾಗೆ ಕೋಳಿ ಮೂಳೆ ಇಲ್ಲ, ಆಟದ ಕಾಯಿ ಇಲ್ಲ.

"ಇಲ್ಲಿ ಒಬ್ಬ ಕಾಯಿಲೆ ಬಿದ್ದಿದ್ದ. ಎಷ್ಟೋ ದಿನ ಮಲಗಿದ್ದ. ನಾನು ಹೋಗೋ ಹೊತ್ತಿಗೆ ನೂರೈವತ್ತು ವರ್ಷ ಲೇಟು."

"ಡ್ಯೂಟಿಗೆ ಅಷ್ಟು ತಡವಾಗಿ ಬಂದಿದ್ದರೆ ನಾನು ಒಳಗೇ ಬಿಡ್ತಿರಲಿಲ್ಲ. ಮೊದಲು ಮೇಜು ಖಾಲಿ ಮಾಡು" ಅಂದೆ.

ಇನ್ನು ಪಕ್ಕದ ಮನೆಯ ವಿಷಯ. ಮೂರು ಕೋಣೆಯ ಆ ಮನೆಯಲ್ಲಿ ಎಂಟು ಜನ ಗಂಡಸರಿದ್ದರು. ಮಾಂಸದ ಕಾರ್ಖಾನೆಯ ಕೆಲಸಗಾರರು, ಬೇರೆ ಬೇರೆ ದೇಶದವರು. ಗುತ್ತಿಗೆದಾರನೊಬ್ಬ ತುಂಬಿಟ್ಟಿದ್ದ. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದಿನವೂ ಅವರದೇ ದೂರು. ಬಿನ್ನು ತುಂಬಿ ತುಳುಕುತ್ತದೆ, ವ್ಯಾನಿನ ಸದ್ದು, ಒಗ್ಗರಣೆಯ ವಾಸನೆ! ದೇಶಕ್ಕೆಲ್ಲ ಮನೆಯಲ್ಲಿರಿ ಅಂದು ಇವರನ್ನು ಮಾತ್ರ ಕೆಲಸಕ್ಕೆ ಅಟ್ಟಿದ್ದರಲ್ಲ, ಅದರ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ.

ಏಪ್ರಿಲಿನ ಗಾಳಿಗೆ ಅವರ ಕಂದು ಬಿನ್ನು ಮಗುಚಿ ಕಸವೆಲ್ಲ ನಮ್ಮ ಅಂಗಳಕ್ಕೆ ಬಂತು. ನಾನು ಬ್ಲೀಚ್ ತರುವಷ್ಟರಲ್ಲಿ ನಮ್ಮ ಮೈದುನ ನನ್ನ ಇಡ್ಲಿ ಪಾತ್ರೆಯ ಇಕ್ಕಳ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ!

"ಅತ್ತಿಗೆ, ಈ ಮನೇಲಿ ನಮ್ಮವನೊಬ್ಬ ಇದ್ದಾನೆ!"

"ಎದ್ದೇಳು ಮೇಲೆ! ಜಗತ್ತೇ ಸಾಯ್ತಾ ಇದೆ, ಎಂಜಲು ಕೆದಕ್ತೀಯಾ?"

"ಕರಿಬೇವು ನೋಡಿ. ಹುಡುಕಿ ತಂದು, ಒಗ್ಗರಣೆಗೆ ಹಾಕಿ, ಆಮೇಲೆ ತಟ್ಟೆ ಅಂಚಿಗೆ ಸರಿಸಿ ಎಸೆಯೋರು ಭೂಮಿ ಮೇಲೆ ಇನ್ಯಾರಿದ್ದಾರೆ?"

"ಮಲಯಾಳಿ ಇರಬಹುದು."

"ಹಾಗಾದ್ರೆ ಇದೇನು?" ಅಂತ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದ. ತಳದಲ್ಲಿ ಕಪ್ಪು ಪುಡಿ. ಮಾಸ್ಕಿನ ಒಳಗಿಂದಲೂ ನನ್ನ ಮೂಗಿಗೆ ತಿಳಿಯಿತು. ಗುರೆಳ್ಳು ಪುಡಿ! ನಾನು ನರ್ಸಿಂಗ್ ಕಲಿತದ್ದು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ. ರೊಟ್ಟಿಯ ಜೊತೆ ಅದನ್ನು ಹಚ್ಚಿಕೊಂಡು ತಿಂದವಳಿಗೆ ಸುಳ್ಳು ಹೇಳುವುದು ಹೇಗೆ?

ಆದರೆ ಸಿಟ್ಟು ಇಳಿಯಲಿಲ್ಲ. ಅವನನ್ನು ಹಿತ್ತಿಲಲ್ಲೇ ಬನಿಯನ್ನಿನಲ್ಲಿ ನಿಲ್ಲಿಸಿ ಗಿಡಕ್ಕೆ ನೀರು ಬಿಡುವ ಪೈಪಿನಿಂದ ತೊಳೆದೆ. ಸ್ಲೈಗೋದ ಏಪ್ರಿಲ್ ನೀರು! "ಅತ್ತಿಗೆ, ಚೂರುಗಳನ್ನೂ ಹೀಗೆ ತೊಳೆಯಲ್ಲ ನಾವು" ಅಂತ ನಡುಗುತ್ತಾ ಅಂದ.

ಎರಡು ವಾರ ಬಿಟ್ಟು ಮತ್ತೆ ಬಿನ್ನು ಹೊರಗಿಡುವ ಸಂಜೆ ಬಂತು. ಈ ಸಲ ಗಾಳಿ ಇರಲಿಲ್ಲ. ಆದರೂ ಅವರ ಬಿನ್ನು ಮಗುಚಿಕೊಂಡಿತ್ತು! ನಾನು ಕಿಟಕಿಯಿಂದ ಬೈಯಲು ಶುರುಮಾಡಿದೆ. ಬಿನ್ನಿನ ಪಕ್ಕ ಇಕ್ಕಳ ಹಿಡಿದು ಕೂತಿದ್ದ ನಮ್ಮ ಮೈದುನ ತಲೆಯೆತ್ತಿ ಕರೆದ.

"ಅತ್ತಿಗೆ, ಬನ್ನಿ ಇಲ್ಲಿ. ಮಿಕ್ಕವರದೆಲ್ಲ ಹೋದ ಸಲದ ಹಾಗೇ ಇದೆ, ಕೋಳಿ ಮೂಳೆ, ಬ್ರೆಡ್ಡು. ನಮ್ಮವನ ಕರಿಬೇವು ಒಂದೆಲೆ ಇಲ್ಲ. ಬದಲಿಗೆ ಜ್ವರದ ಮಾತ್ರೆಯ ಖಾಲಿ ಪಟ್ಟಿಗಳು. ಚಪಾತಿ ನೋಡಿ, ಯಾರೋ ಮಾಡಿ ಕೊಟ್ಟಿದ್ದಾರೆ, ಮಡಚಿದ್ದು ಮಡಚಿದ ಹಾಗೇ ಇದೆ. ಒಂದು ತುತ್ತೂ ಮುರಿದಿಲ್ಲ."

ಆ ಮೂಲೆಯ ಫೋಟೋ ನೋಡಿದ್ದೆನಲ್ಲ, ಇನ್ನು ವಿವರಣೆ ಬೇಕಿರಲಿಲ್ಲ. ಮಾಸ್ಕು, ಗ್ಲೌಸು, ಮಳೆಯಂಗಿ ಹಾಕಿಕೊಂಡು, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಹಿಡಿದು ಹೊರಟೆ. ಯಜಮಾನರು ಶೆಡ್ಡಿನಿಂದ, "ನಿನಗೆ ಎಪ್ಪತ್ತಮೂರು ಕಣೇ!" ಅಂತ ಕೂಗಿದರು. "ನನಗೂ ಗೊತ್ತು!" ಅಂದೆ.

ಬಾಗಿಲು ತೆರೆದವನು ಬ್ರೆಜಿಲ್ ದೇಶದವನು. ಯಾರಿಗಾದರೂ ಹುಷಾರಿಲ್ಲವೇ ಎಂದರೆ "ಗ್ರ್ಯಾಂಡ್, ಗ್ರ್ಯಾಂಡ್" ಅಂದ. ಅಂದರೆ ಎಲ್ಲ ಚೆನ್ನಾಗಿದೆ ಅಂತ; ಈ ದೇಶಕ್ಕೆ ಬಂದವರು ಮೊದಲು ಕಲಿಯುವ ಸುಳ್ಳು ಅದು. ನಾನು ಅವನ ಭುಜದಾಚೆಗೆ, ರಾತ್ರಿಪಾಳಿಯಲ್ಲಿ ವಾರ್ಡಿನ ಆ ತುದಿಗೆ ಕೇಳಿಸುತ್ತಿದ್ದ ದನಿಯಲ್ಲಿ ಕನ್ನಡದಲ್ಲೇ ಕೂಗಿದೆ:

"ಒಳಗೆ ಯಾರಪ್ಪಾ ಇರೋದು? ಗುರೆಳ್ಳು ಪುಡಿ ತಿನ್ನೋನು ಯಾರು?"

ಮಹಡಿಯ ಮೇಲಿನಿಂದ, ಉಸಿರಿಗೊಂದು ಮಾತು ಬಿಡಿಸಿ, "ನಾ ಅದೀನ್ರಿ... ಅಕ್ಕಾರ..."

ಹತ್ತಿ ಹೋದರೆ ಕಪಾಟಿನಂಥ ಕೋಣೆ, ನೆಲದ ಮೇಲೆ ಹಾಸಿಗೆ. ಮೂವತ್ತು ದಾಟದ ಮುಖ, ತುಟಿ ನೀಲಿ. ಬೆರಳಿಗೆ ಯಂತ್ರ ಸಿಕ್ಕಿಸಿದೆ. ಬಂದ ಅಂಕಿ ನೋಡಿ ನಾನೇ ಆಂಬುಲೆನ್ಸಿಗೆ ಫೋನು ಮಾಡಿದೆ.

"ಯಾರಿಗೂ ಯಾಕೋ ಹೇಳಲಿಲ್ಲ?" ಎಂದು ಗದರಿದೆ.

"ಹೇಳಿದ್ರ ಎಲ್ಲಾರ್ನೂ ಮನ್ಯಾಗ ಕೂಡಸ್ತಾರ್ರಿ. ಎಂಟೂ ಮಂದಿ ಪಗಾರ ಹೋಗ್ತದ. ಮನೀನೂ ಮಾಲಕಂದಾ... ಅಂವ ಸುಮ್ನ ಮಕ್ಕೋ ಅಂದಾನ್ರಿ."

ಸುಮ್ಮನೆ ಮಲಗಿಕೊ! ನಲವತ್ತು ವರ್ಷದ ಕೆಲಸದಲ್ಲಿ ಎಂಥೆಂಥವರ ಮೇಲೋ ಸಿಟ್ಟು ಮಾಡಿದ್ದೇನೆ. ಆ ಗುತ್ತಿಗೆದಾರನ ಮೇಲೆ ಬಂದ ಸಿಟ್ಟನ್ನು ಎಲ್ಲಿಡಬೇಕೋ ಇವತ್ತಿಗೂ ತಿಳಿಯುತ್ತಿಲ್ಲ. ಅವತ್ತೇ ಆರೋಗ್ಯ ಇಲಾಖೆಯವರಿಗೂ ಕಾರ್ಮಿಕ ಸಂಘದವರಿಗೂ ಫೋನಿನಲ್ಲಿ ಎಲ್ಲ ಹೇಳಿದೆ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದನ್ನು ಇಲ್ಲಿ ಬರೆಯಲಾರೆ. ಅವತ್ತಿನಿಂದ ಆ ಗುಂಪು ಬಹಳ ಶಾಂತವಾಗಿದೆ.

ಹುಡುಗ ಉಳಿದ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನ್ನ ಪದ್ಧತಿಯಲ್ಲ. ಹೇಳಬೇಕಾದದ್ದು ಆಂಬುಲೆನ್ಸ್ ಹೊರಡುವ ಮುಂಚಿನ ಒಂದು ನಿಮಿಷದ ಮಾತು.

ಆಂಬುಲೆನ್ಸಿನವರು ಹೆಸರು ಕೇಳಿದರು. ಮನೆಯ ಏಳು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಅವನನ್ನು 'ಇಂಡಿಯಾ' ಅಂತಲೇ ಕರೆಯುತ್ತಿದ್ದರಂತೆ. ಆಗ ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ ನಮ್ಮ ಮೈದುನ ಬಾಯಿಯ ಸುತ್ತ ಕೈ ಕಟ್ಟಿ ಕೂಗಿದ.

"ತಮ್ಮಾ, ನಿನ್ನ ಹೆಸರೇನಪ್ಪಾ?"

ಸ್ಟ್ರೆಚರಿನ ಮೇಲಿದ್ದ ಹುಡುಗ ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಎತ್ತಿದ. "ರಫೀಕ್ ರೀ. ಸಿಂದಗಿ ಕಡಿಯಾಂವ."

ಬಾಗಿಲು ಮುಚ್ಚಿತು, ಗಾಡಿ ಹೋಯಿತು. ತಿರುಗಿ ನೋಡಿದರೆ ನಮ್ಮ ಮೈದುನ, ಐವತ್ತೆಂಟರ ಗಂಡಸು, ಪಾದಚಾರಿ ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಏಯ್, ಯಾಕಯ್ಯ ಅಳ್ತೀಯ? ಹೊತ್ತಿಗೆ ಸರಿಯಾಗಿ ಸಿಕ್ಕಿದ್ದಾನೆ, ಬದುಕ್ತಾನೆ!"

"ಅದಕ್ಕಲ್ಲ ಅತ್ತಿಗೆ" ಅಂದ. "ಇಷ್ಟು ವರ್ಷದಲ್ಲಿ ನಾನು ಕೇಳಿದ್ದಕ್ಕೆ ಒಬ್ಬ ಉತ್ತರ ಕೊಟ್ಟಿದ್ದು ಇದೇ ಮೊದಲು."