ಎಳ್ಳುಂಡೆಯ ಡಬ್ಬಿಯೂ ನನ್ನ ಪಾಂಡಿತ್ಯವೂ

ನನ್ನ ಮಕ್ಕಳಿಗೆ ಅಪರೂಪದ ಪದಗಳ ಹುಚ್ಚು ಹಿಡಿಸಿಯೇ ತೀರುತ್ತೇನೆಂದು ಪಣ ತೊಟ್ಟೆ! ಮೈಸೂರಿನಿಂದ ಮಡಿಕೇರಿಗೆ ಮೇಷ್ಟ್ರಾಗಿ ಬಂದು ಕೆಲವು ವರ್ಷವಾಗಿತ್ತು. ಕೊಡಗಿನಲ್ಲಿ ಯಾರು ಯಾವ ಭಾಷೆಯಲ್ಲಿ ಬೈದರೂ ನನಗೆ ಅರ್ಥವಾಗುತ್ತದೆಂಬ ಹೆಮ್ಮೆ ಬೇರೆ. ಆ ಹೆಮ್ಮೆಯನ್ನು ಸ್ಕೂಲ್ ಇನ್‌ಸ್ಪೆಕ್ಟರ್ ನಾಣಯ್ಯನವರ ಮುಂದೆಯೂ ಕೊಚ್ಚಿಕೊಂಡಿದ್ದೆ. ಹೆಡ್‌ಮಾಸ್ತರರ ಕುರ್ಚಿ ಖಾಲಿಯಿತ್ತು. ಈ ಊರ ಮಕ್ಕಳ ಮನೆಮಾತು ಬಲ್ಲವರಿಗೇ ಅದು ಎಂದಿದ್ದರು ಅವರು. ಭಾನುವಾರ ನಮ್ಮಲ್ಲಿಗೆ ಕಾಫಿಗೆ ಬರಲೂ ಒಪ್ಪಿದ್ದರು.

ಮಕ್ಕಳಿಗೆ ನಿಯಮ ಸಾರಿದೆ: ಕೊಡಗಿನಲ್ಲಿ ಯಾರೇ ಆಡುವ ಪದವಿರಲಿ, ನನಗೆ ತಿಳಿಯದ್ದನ್ನು ತಂದರೆ ಒಂದು ಎಳ್ಳುಂಡೆ.

"ಆ ಡಬ್ಬಿ ಇನ್‌ಸ್ಪೆಕ್ಟರಿಗೆ ಇಟ್ಟಿರೋದು ಕಣ್ರೀ," ಎಂದಳು ನನ್ನಾಕೆ ಕಾತ್ಯಾಯನಿ.

"ಒಂದುಂಡೆ ಕಡಿಮೆಯಾದರೆ ಆಮೇಲೆ ಕೇಳು!" ಎಂದೆ ನಾನು.

ಮಗಳು ಅನ್ನಪೂರ್ಣಿ ತುಳು ಮಾತಾಡುವ ಗಾಡಿಯವನ ಮನೆಗೆ ಹೋಗಿ ಬಂದು 'ಚಣಿಲ್' ಎಂದಳು. ಅದೊಂದು ಬಗೆಯ ಶಾಲು ಎಂದೆ, ಗಂಭೀರವಾಗಿ. ಅಳಿಲಂತೆ! ಮಗ ಗುಂಡ 'ಪುಚ್ಚೆ' ತಂದ. ಹೊಸ ಪಲ್ಯವಿರಬೇಕೆಂದೆ. ಬೆಕ್ಕಂತೆ! ಮಲೆಯಾಳದ ಬಾಳೆಹಣ್ಣಿನವಳ 'ತವಳ'ಕ್ಕೆ ನಾನು ತಬಲ ಬಾರಿಸಿದೆ. ಅದು ಕಪ್ಪೆಯಾಗಿ ಹಾರಿಹೋಯಿತು. ಇದೆಲ್ಲ ಕನ್ನಡವಲ್ಲ ಎಂದು ತಕರಾರು ತೆಗೆದರೆ, ನಿಯಮ ಮಾಡಿದ್ದು ನೀವೇ ಅಲ್ಲವೇ ಎಂದು ಮಗಳು ಬಾಯಿ ಮುಚ್ಚಿಸಿದಳು. ಮಕ್ಕಳು ಪೇಟೆಯ ಕೇರಿ ಕೇರಿ ಅಲೆದರು. ನನ್ನ ಪಾಂಡಿತ್ಯ ದಿನಕ್ಕಿಷ್ಟು ಅವರ ಹೊಟ್ಟೆ ಸೇರಿತು.

ಭಾನುವಾರ ನಾಣಯ್ಯನವರು ಬಂದು ಕೂತರು. ಕಾಫಿಯೊಂದಿಗೆ ತಟ್ಟೆಯಲ್ಲಿ ಒಂದೇ ಒಂದು ಎಳ್ಳುಂಡೆ ಬಂತು. ನಾನು ಏನೋ ತೊದಲುವುದರೊಳಗೆ ಅನ್ನಪೂರ್ಣಿ ವಿವರಿಸಿದಳು: "ಅಪ್ಪಂಗೆ ಗೊತ್ತಿಲ್ದೇ ಇರೋ ಪದಕ್ಕೆಲ್ಲ ಒಂದೊಂದು ಉಂಡೆ. ಡಬ್ಬಿ ಖಾಲಿ ಆಯ್ತು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

"ಹಾಗಾದ್ರೆ ಇದೊಂದು ಹೇಗಮ್ಮ ಉಳೀತು?" ಎಂದರು ನಾಣಯ್ಯನವರು.

"ಇವರಿಗೆ ಗೊತ್ತಿದ್ದ ಪದದ್ದು ಸ್ವಾಮಿ," ಎಂದಳು ಕಾತ್ಯಾಯನಿ, ತಣ್ಣಗೆ. "ಪಾಪುಟ್ಟು. ತಿನ್ನೋದಲ್ವಾ, ಅದಕ್ಕೇ ಗೊತ್ತಾಯ್ತು."

ತಮ್ಮ ಕೊಡವ ಮನೆಯ ತಿಂಡಿಯ ಹೆಸರು ಕೇಳಿ ನಾಣಯ್ಯನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಡ್‌ಮಾಸ್ತರಿಕೆ ಸುಂಟಿಕೊಪ್ಪದ ಇನ್ನೊಬ್ಬರ ಪಾಲಾಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ!

ಈಗ ಡಬ್ಬಿ ಮತ್ತೆ ತುಂಬಿದೆ. ನಿಯಮ ಮಾತ್ರ ತಲೆಕೆಳಗಾಗಿದೆ: ಮಕ್ಕಳಿಗೆ ಗೊತ್ತಿಲ್ಲದ ಪದ ತಂದರಷ್ಟೇ ನನಗೆ ಉಂಡೆ. ಮೊನ್ನೆ ಸಂತೆಯಲ್ಲಿ ಅದೇ ಬಾಳೆಹಣ್ಣಿನವಳನ್ನು ಕಾಡಿ ಬೇಡಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಓಡಿಬಂದು, "ಮಿನ್ನಾಮಿನುಂಗ್!" ಎಂದೆ.

"ಮಿಂಚುಹುಳ," ಎಂದಳು ಮಗಳು, ನನ್ನ ಉಂಡೆಯನ್ನು ತನ್ನ ಬಾಯಿಗೆ ಹಾಕಿಕೊಳ್ಳುತ್ತಾ.