ಹಗಲು ಕೆಡುವ ಕಂಪ್ಯೂಟರ್

“ಈ ಮನೆ ಹೊಸ್ತಿಲು ದಾಟಿ ಕಂಪ್ಯೂಟರ್ ರಿಪೇರಿಯವನು ಒಳಗೆ ಬಂದ ದಿನ, ವಿಜ್ಞಾನದ ಮೇಷ್ಟ್ರು ಅನ್ನೋ ಹೆಸರನ್ನೇ ನಾನು ಬಿಟ್ಟುಬಿಡ್ತೀನಿ,” ಎಂದು ಕಾಂತೇಶ್ ಮೇಷ್ಟ್ರು ಸೋಮವಾರ ಸಂಜೆ ಕಾಫಿ ಲೋಟ ಕೆಳಗಿಡುತ್ತಾ ಘೋಷಿಸಿದರು. ಕೇಳಿಸಿಕೊಳ್ಳಲು ಇದ್ದವರು ಹೆಂಡತಿ ಪದ್ಮಶ್ರೀ ಮತ್ತು ತಾಯಿ ಕೆಂಚಮ್ಮ, ಇಬ್ಬರೇ. ದನಿ ಮಾತ್ರ ಎಂಬತ್ತು ಮಕ್ಕಳ ತರಗತಿಗೆ ಸಾಲುವಷ್ಟಿತ್ತು.

ಮೇಷ್ಟ್ರದು ಬಿಳಿಗೆರೆ. ದಿನಾ ಬೈಕಿನಲ್ಲಿ ತಿಪಟೂರಿಗೆ ಹೋಗಿ ಹೈಸ್ಕೂಲಿನಲ್ಲಿ ಪಾಠ ಹೇಳಿ ಬರುತ್ತಾರೆ. ಅದರಲ್ಲೂ ‘ಶಾಖ’ ಎಂಬ ಪಾಠವನ್ನು ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದಾರೆ. ವಹನ, ಸಂವಹನ, ವಿಕಿರಣ ಈ ಮೂರನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾರು. ಯಾರೂ ಕೇಳದಿದ್ದರೂ ಹೇಳುತ್ತಾರೆ, ಅದು ಬೇರೆ ಮಾತು.

ಕೆಟ್ಟಿದ್ದದ್ದು ಪದ್ಮಶ್ರೀಯ ಕಂಪ್ಯೂಟರ್. ಆಕೆ ಸಿವಿಲ್ ಡಿಪ್ಲೊಮಾ ಮಾಡಿದವಳು. ಮನೆ ಕಟ್ಟುವವರಿಗೆ ನಕ್ಷೆ ಬರೆದು, ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆ ಎಂಬ ಬಣ್ಣದ ಚಿತ್ರ ಮಾಡಿಕೊಡುತ್ತಾಳೆ. ಇಷ್ಟು ದಿನ ಯಾರೋ ಇಂಜಿನಿಯರ್ ಹೆಸರಿನ ಕೆಳಗೆ ಹೆಸರಿಲ್ಲದೆ ದುಡಿದಿದ್ದವಳಿಗೆ, ತುರುವೇಕೆರೆಯ ಇಂಜಿನಿಯರ್ ದಯಾನಂದ್ ಮೊದಲ ಸಲ ಅವಳದೇ ಹೆಸರಿನಲ್ಲಿ ಕೆಲಸ ಕೊಟ್ಟಿದ್ದರು. ನಾಲ್ಕು ಚಿತ್ರ. ಶುಕ್ರವಾರ ಮೂರು ಗಂಟೆಯೊಳಗೆ ಕಳಿಸಬೇಕು. ಭಾನುವಾರ ಗುದ್ದಲಿ ಪೂಜೆ, ಅಷ್ಟರಲ್ಲಿ ಮನೆಯ ಚಿತ್ರ ಫ್ಲೆಕ್ಸ್ ಮೇಲೆ ಬರಬೇಕು. “ಈ ಸಲ ನೋಡ್ತೀನಿ ಕಣಮ್ಮ, ಟೈಮಿಗೆ ಬಂದ್ರೆ ಮುಂದಿನ ಕೆಲಸಾನೂ ನಿಮಗೇ,” ಎಂದಿದ್ದರು ದಯಾನಂದ್.

ಕಂಪ್ಯೂಟರಿನ ರೋಗವೇನೆಂದರೆ, ಹಗುರ ಕೆಲಸಕ್ಕೆ ಅದು ಜಿಂಕೆಯಂತೆ ಓಡುತ್ತಿತ್ತು. ಮಾರ್ಕ್ಸ್ ಪಟ್ಟಿ ತೆರೆ ಎಂದರೆ ತೆರೆಯುತ್ತಿತ್ತು, ಪತ್ರ ಬರೆ ಎಂದರೆ ಬರೆಯುತ್ತಿತ್ತು. ‘ಮನೆಯ ಚಿತ್ರ ತಯಾರಿಸು’ ಎಂದು ಭಾರದ ಕೆಲಸ ಹೊರಿಸಿದರೆ ಮಾತ್ರ ಐದು ನಿಮಿಷ ಓಡಿ, ಆಮೇಲೆ ಕಾಯಿ ತುಂಬಿದ ಲಾರಿ ಏರು ಹತ್ತಿದಂತೆ ನರಳತೊಡಗುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ ಚಿತ್ರ ಅರ್ಧ ದಿನ ತಿನ್ನುತ್ತಿತ್ತು.

“ಕೆಲ್ಸ ಹೇಳ್ದಾಗ ಮಾತ್ರ ಸುಸ್ತಾಯ್ತದಾ? ಇದಕ್ಕೆ ಈ ಮನೇಲಿ ಯಾರ ಗಾಳಿ ಬೀಸ್ತೋ ಕಾಣೆ,” ಎಂದು ಕೆಂಚಮ್ಮ ಮಗನ ಮುಖ ನೋಡಿದರು.

“ರೀ, ಅರ್ಬಾಜ್‌ನ ಕರೆಸೋಣ. ಅರ್ಧ ಗಂಟೆ ಕೆಲಸ,” ಎಂದಳು ಪದ್ಮಶ್ರೀ.

ಮೇಷ್ಟ್ರ ಪ್ರತಿಜ್ಞೆ ಹುಟ್ಟಿದ್ದು ಅಲ್ಲೇ. ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅರ್ಬಾಜ್ ಮೇಷ್ಟ್ರ ಹಳೇ ಶಿಷ್ಯ. ಹತ್ತನೇ ತರಗತಿಯಲ್ಲಿ ಅವನ ಉತ್ತರ ಪತ್ರಿಕೆಯ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ, ‘ನಿನಗೂ ವಿಜ್ಞಾನಕ್ಕೂ ಎಣ್ಣೆ ಸೀಗೆಕಾಯಿ’ ಎಂದು ಬರೆದಿದ್ದರು. ಅಂಥವನು ಬಂದು ಅವರ ಮನೆಯ ವಿಜ್ಞಾನವನ್ನು ಸರಿಮಾಡುವುದೆಂದರೆ ಏನು?

ಸೋಮವಾರ ಸಂಜೆಯೇ ಚಿಕಿತ್ಸೆ ಶುರುವಾಯಿತು. ಬೇಡದ ಫೈಲುಗಳೇ ಭಾರ ಎಂದು ತೀರ್ಮಾನಿಸಿ ಮೇಷ್ಟ್ರು ಮೂರು ಗಂಟೆ ಕೂತು ಅಳಿಸಿದರು. ತಮ್ಮ ನಾದಿನಿಯ ಮದುವೆಯ ಫೋಟೋಗಳನ್ನು ವಿಶೇಷ ಮುತುವರ್ಜಿಯಿಂದ ಅಳಿಸಿದರು. ಆಮೇಲೆ ಚಿತ್ರದ ಕೆಲಸ ಹೊರಿಸಿ ನೋಡಿದರೆ ಕಂಪ್ಯೂಟರ್ ಸೊಗಸಾಗಿ ಓಡಿತು. “ನೋಡಿದೆಯೇನೇ?” ಎಂದು ಹೇಳಿ ಅದನ್ನು ಆರಿಸಿ, ಊಟಕ್ಕೆ ಎದ್ದರು.

ಮರುದಿನ ಹನ್ನೊಂದೂವರೆಗೆ ಸ್ಟಾಫ್ ರೂಮಿನಲ್ಲಿ ಅವರ ಫೋನ್ ಬಡಿದುಕೊಂಡಿತು.

“ರೀ, ಮತ್ತೆ ಅದೇ ಕಥೆ. ಒಂದು ಗೋಡೆಗೆ ಬಣ್ಣ ಬರೋಕೆ ಒಂದು ಗಂಟೆ ಆಯ್ತು.”

“ವೋಲ್ಟೇಜ್ ಕಣೇ. ಹಗಲಲ್ಲಿ ತೋಟದ ಮೋಟರ್‌ಗಳು ಓಡ್ತವೆ, ಸಂಜೆ ನಿಲ್ತವೆ. ಇಷ್ಟು ಸರಳ.”

ಮಂಗಳವಾರ ಸಂಜೆ ಮೇಷ್ಟ್ರ ಬೈಕಿನ ಹಿಂದೆ ಸ್ಟೆಬಿಲೈಸರ್ ಬಂತು. ಅದನ್ನು ಗೋಡೆಗೆ ಬಡಿಯುವಷ್ಟರಲ್ಲಿ ಗಾರೆ ಉದುರಿ, ಅದನ್ನು ಗುಡಿಸಿ, ವೈರು ಎಳೆದು ಮುಗಿಸುವ ಹೊತ್ತಿಗೆ ಊಟದ ಸಮಯ. ಪರೀಕ್ಷೆ ಮಾಡಿದರೆ ಕಂಪ್ಯೂಟರ್ ಮತ್ತೆ ಸೊಗಸಾಗಿ ಓಡಿತು. ಬುಧವಾರ ಹನ್ನೊಂದಕ್ಕೆ ಮತ್ತೆ ಫೋನ್ ಬಂತು. ಗಣಿತದ ಮೇಷ್ಟ್ರು ದುರ್ಗಯ್ಯ, “ಏನ್ ಸಾರ್, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?” ಎಂದು ಕನಿಕರದಿಂದ ವಿಚಾರಿಸಿದರು.

ಬುಧವಾರ ಸಂಜೆ ಮೇಷ್ಟ್ರು ತಾಪಮಾನ ಅಳೆಯುವ ಒಂದು ಪ್ರೋಗ್ರಾಂ ಹಾಕಿಕೊಂಡರು. ಅದು ಇಡೀ ದಿನದ ದಾಖಲೆ ಇಡುವಂಥದ್ದಲ್ಲ, ಆ ಕ್ಷಣದ್ದನ್ನು ಮಾತ್ರ ತೋರಿಸುವಂಥದ್ದು. ಅರವತ್ತೆಂಟು ಡಿಗ್ರಿ ತೋರಿಸಿತು. ಆರೋಗ್ಯವಂತ ಪ್ರೊಸೆಸರ್. ಆದರೂ ಕ್ಯಾಬಿನೆಟ್ ಬಿಚ್ಚಿದರು. ತೆಂಗಿನ ನಾರಿನ ದೂಳು ಒಳಗೆ ಹಾಸಿಗೆ ಹಾಸಿಕೊಂಡಿತ್ತು. ಸೈಕಲ್ ಪಂಪಿನಿಂದ ಊದಿ ತೆಗೆದರು. ಅದು ಕ್ಯಾಬಿನೆಟ್ಟಿನಿಂದ ಹೊರಟು ಮೇಷ್ಟ್ರ ಮೂಗಿಗೆ ಬಂತು. ನಾಲ್ಕು ಸೀನಿನ ನಡುವೆ ಅವರು ವಿವರಿಸಿದರು:

“ಭಾರ ಬಿದ್ದಾಗ ಪ್ರೊಸೆಸರ್ ಬಿಸಿ ಆಗುತ್ತೆ. ಜಾಸ್ತಿ ಬಿಸಿ ಆದ್ರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಕಡಿಮೆ ಮಾಡ್ಕೊಳ್ಳುತ್ತೆ. ಬುದ್ಧಿ ಇರೋ ಯಂತ್ರ ಕಣೇ. ಪ್ರೊಸೆಸರ್ ಮೇಲೆ ಹಚ್ಚಿರೋ ಪೇಸ್ಟ್ ಒಣಗಿದೆ, ಶಾಖ ಮೇಲಿನ ಲೋಹಕ್ಕೆ ದಾಟ್ತಿಲ್ಲ. ಇದನ್ನೇ ವಹನ ಅನ್ನೋದು.”

ಆ ಪೇಸ್ಟ್ ಸಿಗುವುದು ಅರ್ಬಾಜ್ ಅಂಗಡಿಯಲ್ಲಿ. ಮೇಷ್ಟ್ರು ಮತ್ತೆ ತಿಪಟೂರಿಗೆ ಹೋಗಿ, ಅಂಗಡಿಯ ಮುಂದೆ ಎರಡು ಸಲ ಹಾದು, ಮೂರನೇ ಸಲ ಒಳಗೆ ಹೋದರು.

“ಬನ್ನಿ ಸಾರ್, ಕೂತ್ಕೊಳಿ. ಮನೆ ಕಂಪ್ಯೂಟರ್‌ಗಾ?” ಅರ್ಬಾಜ್ ಎದ್ದು ನಿಂತು ಕೇಳಿದ.

“ಇಲ್ಲಪ್ಪ. ಲ್ಯಾಬಿಗೆ. ಒಂದು ಪ್ರಯೋಗ.”

“ಒಂದು ಕಡಲೆಬೇಳೆಯಷ್ಟು ಹಚ್ಚಿದ್ರೆ ಸಾಕು ಸಾರ್.”

ಶಿಷ್ಯನಿಂದ ಅಳತೆ ಕಲಿಯುವುದೇ? ಮೇಷ್ಟ್ರು ಮನೆಗೆ ಬಂದು ಒಬ್ಬಟ್ಟಿಗೆ ತುಪ್ಪ ಹಾಕುವಷ್ಟು ಧಾರಾಳವಾಗಿ ಹಚ್ಚಿದರು. ಅಂಚಿನಿಂದ ಉಕ್ಕಿದ್ದನ್ನು ಹಳೇ ಬನಿಯನ್ನಿನಲ್ಲಿ ಒರೆಸಿದರು. ಅದು ಹಳೆಯದಲ್ಲ ಎಂದು ಆಮೇಲೆ ತಿಳಿಯಿತು.

“ಈಗ ಕೆಲಸಕ್ಕೆ ಕೂರ್ಲಾ?” ಎಂದಳು ಪದ್ಮಶ್ರೀ.

“ಇಲ್ಲ, ಪೇಸ್ಟ್ ಕೂತ್ಕೋಬೇಕು. ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು.”

ಗುರುವಾರ ಫೋನ್ ಹನ್ನೊಂದಕ್ಕಲ್ಲ, ಹತ್ತೂವರೆಗೇ ಬಂತು. ಈ ಸಲ ಪದ್ಮಶ್ರೀ ಪರದೆ ನೋಡಿ ಓದಿ ಹೇಳಿದಳು. ತೊಂಬತ್ತೇಳು ಡಿಗ್ರಿ. ನೀರು ಕುದಿಯಲು ಮೂರೇ ಡಿಗ್ರಿ ಕಮ್ಮಿ. ಅಂದು ಸಂಜೆ ಮೇಷ್ಟ್ರು ಬಂದು ನೋಡಿದರೆ ಮತ್ತೆ ಅರವತ್ತೈದು. ಅವರಿಗೆ ಹೊಸದೊಂದು ಸತ್ಯ ಹೊಳೆಯಿತು. ತಾವಿದ್ದಾಗ ಕಂಪ್ಯೂಟರ್ ಸರಿಯಾಗಿರುತ್ತದೆ, ತಾವಿಲ್ಲದಾಗ ಕೆಡುತ್ತದೆ. ತರಗತಿಯಲ್ಲೂ ಹಾಗೇ ಅಲ್ಲವೇ?

“ಶಿಸ್ತು ಅಂದ್ರೆ ಇದೇ. ನೀನು ಅದನ್ನ ಬಳಸೋ ರೀತಿಯಲ್ಲೇ ಏನೋ ತಪ್ಪಿದೆ ಕಣೇ.”

ಪದ್ಮಶ್ರೀಗೆ ಸಿಟ್ಟು ಬಂತು. ಆಕೆ ಕೂಗಾಡುವವಳಲ್ಲ. ಕುರ್ಚಿ ತಿರುಗಿಸಿ ಗಂಡನಿಗೆ ಎದುರಾಗಿ ಕೂತಳು.

“ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷ ಆಯ್ತು ರೀ. ನಕ್ಷೆ ನಾನು ಬರೀತಿದ್ದೆ, ಸಹಿ ಬೇರೆಯವರದ್ದು. ನನ್ನ ಹೆಸರಲ್ಲಿ ಬಂದ ಕೆಲಸ ಇದೊಂದೇ. ನಾಲ್ಕರಲ್ಲಿ ಎರಡು ಚಿತ್ರ ಆಗಿದೆ, ಅದೂ ನಾಲ್ಕು ದಿನಕ್ಕೆ. ಸಂಜೆ ಅದು ಚೆನ್ನಾಗಿ ಓಡೋ ಹೊತ್ತಲ್ಲಿ ನೀವು ಬಿಚ್ಕೊಂಡು ಕೂತಿರ್ತೀರ. ನಾನು ಯಾವಾಗ ಮಾಡ್ಲಿ?”

ಮೇಷ್ಟ್ರಿಗೆ ಒಳಗೆ ಚುರುಕ್ ಎಂದಿತು. ಈ ಹನ್ನೆರಡು ವರ್ಷದ ಲೆಕ್ಕ ಅವರು ಇಟ್ಟಿರಲಿಲ್ಲ. “ಸರಿ, ಈಗಲೇ ಕೂತ್ಕೊ,” ಎಂದು ಎದ್ದು ಜಾಗ ಬಿಟ್ಟರು. ಆಕೆ ಕೂತಳು, ಕರೆಂಟ್ ಹೋಯಿತು. ಲೈನ್ ಮೇಲೆ ತೆಂಗಿನ ಸೋಗೆ ಬಿದ್ದಿದೆಯಂತೆ, ಬೆಳಿಗ್ಗೆಯೇ ಬರುವುದಂತೆ. ಮೇಷ್ಟ್ರು ಕತ್ತಲಲ್ಲೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಶುಕ್ರವಾರಕ್ಕೆ ರಜೆ ಕೇಳಿದರು.

ಶುಕ್ರವಾರ ಒಂಬತ್ತೂವರೆಗೆ ಕರೆಂಟ್ ಬಂತು. ಪದ್ಮಶ್ರೀ ಮೂರನೇ ಚಿತ್ರಕ್ಕೆ ಕೂತಳು, ಮೇಷ್ಟ್ರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಶಿಸ್ತನ್ನು ಸೂಸುತ್ತಾ ಕೂತರು. ಅರವತ್ತಾರು. ಅರವತ್ತೆಂಟು. ಹೊರಗೆ ಶ್ರಾವಣದ ಸೋನೆ ಸಣ್ಣಗೆ ಹಿಡಿದಿತ್ತು. ಚಿತ್ರದಲ್ಲಿ ಮೆಟ್ಟಿಲು ಬಂತು, ಕಂಬ ಬಂತು. ಹತ್ತು ಗಂಟೆ ದಾಟಿತು. ಎಪ್ಪತ್ತೊಂಬತ್ತು. ಎಂಬತ್ತೆಂಟು. ತೊಂಬತ್ತೇಳು. ಮೇಷ್ಟ್ರ ಕಣ್ಣೆದುರಿಗೇ ಕಂಪ್ಯೂಟರ್ ಕುಂಟತೊಡಗಿತು.

“ಪ್ರೊಸೆಸರ್ ಹೋಗಿದೆ. ಹೊಸದೇ ತರಬೇಕು,” ಎಂದರು ಮೇಷ್ಟ್ರು. ಹತ್ತೊಂಬತ್ತು ವರ್ಷದ ಪಾಠ ಅವರ ದನಿಯಲ್ಲಿ ಸೋತು ಕೂತಿತ್ತು.

“ಬೆಳಿಗ್ಗೆ ಆರಕ್ಕೇ ಅರ್ಬಾಜ್‌ಗೆ ಫೋನ್ ಮಾಡಿದ್ದೀನಿ. ಮಧ್ಯಾಹ್ನ ಬರ್ತೀನಿ ಅಂದಿದ್ದಾನೆ.”

ಒಂದೂವರೆಗೆ ಬೈಕಿನ ಸದ್ದು ಕೇಳಿದಾಗ ಮೇಷ್ಟ್ರು ತಾವೇ ಎದ್ದು ಹೋಗಿ ಬಾಗಿಲು ತೆಗೆದರು.

ಅರ್ಬಾಜ್ ಪರದೆಯನ್ನು ಹೆಚ್ಚು ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಬಿನೆಟ್ಟಿನ ಹಿಂದೆ ಕೈ ಇಟ್ಟ. ಈ ನಾಲ್ಕು ದಿನದಲ್ಲಿ ಮೇಷ್ಟ್ರು ಎಲ್ಲವನ್ನೂ ಮಾಡಿದ್ದರು, ಅಲ್ಲಿ ಕೈ ಇಟ್ಟಿರಲಿಲ್ಲ.

“ಸಾರ್, ಫ್ಯಾನ್ ಬಿಸಿಗಾಳಿ ಬಿಡ್ತಿದೆ, ಆದ್ರೆ ಅದು ಹೊರಗೆ ಹೋಗ್ತಿಲ್ಲ. ತಿರುಗಿ ಒಳಗೇ ಬರ್ತಿದೆ. ಹಿಂದಿನ ಪ್ಲೈವುಡ್ ಗೋಡೆಯಲ್ಲಿ ಒಂದು ಕಿಂಡಿ ಇದೆಯಲ್ಲ, ಯಾರು ಮಾಡಿದ್ದು?”

“ನಾನೇ. ಬಿಸಿಗಾಳಿ ಹೊರಹೋಗಲಿ ಅಂತ. ಸಂವಹನ.”

“ಅದರ ಆ ಕಡೆ ಏನಿದೆ ಸಾರ್?”

ಆ ಕಡೆ ಉಗ್ರಾಣ. ಮೂವರೂ ಸುತ್ತಿ ಹೋಗಿ ನೋಡಿದರು. ಕೊಬ್ಬರಿ ಹೋಳು ತುಂಬಿದ ಒಂದು ಮಂಕರಿಯನ್ನು ಕಿಂಡಿಗೆ ಒತ್ತಾಗಿ ಇಡಲಾಗಿತ್ತು. ಬಿಸಿ ಸೋರದಂತೆ ಮೇಲಿಂದ ಕಿಂಡಿ ಸಮೇತ ಗೋಣಿತಾಟು ಹೊದಿಸಲಾಗಿತ್ತು. ಪಕ್ಕದಲ್ಲಿ ಕೆಂಚಮ್ಮ ಕಾಲು ನೀಡಿ ಕೂತು, ಒಂದು ಹೋಳನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದರು.

“ಅಮ್ಮ, ಏನಿದು?”

“ಕೊಬ್ರಿ ಕಣಪ್ಪ. ಕಾಯಿ ಸುಲಿಸ್ದಾಗ ಒಳಗಿನ್ನೂ ಹಸಿ ಇದ್ದವು ಒಡೆದೋದ್ವಲ್ಲ, ಅವು. ವಾರದಿಂದ ಬಿಸ್ಲೇ ಇಲ್ಲ, ಬೂಷ್ಟು ಹಿಡೀತಿತ್ತು. ಇಲ್ಲಿ ನೋಡುದ್ರೆ ಒಳ್ಳೆ ಬಿಸಿಗಾಳಿ ಸುಮ್ನೆ ಪೋಲಾಯ್ತಾ ಅದೆ. ಪದ್ಮ ಜೋರಾಗಿ ಕೆಲ್ಸ ಮಾಡಿದ್ ದಿನ ಬಲು ಚೆನ್ನಾಗಿ ಒಣಗ್ತದೆ.”

“ಹಗಲು ಮಾತ್ರ ಯಾಕೆ? ಸಂಜೆ ನಾನು ನೋಡಿದಾಗ ಸರಿ ಇರ್ತಿತ್ತಲ್ಲ?”

“ಹತ್ತು ಗಂಟೆಗೆ ಇಡ್ತೀನಿ, ದೀಪ ಹಚ್ಚೋ ಹೊತ್ಗೆ ಎತ್ತಿಡ್ತೀನಿ. ಒಣಗಾಕಿದ್ದನ್ನ ಮಂಜು ಬೀಳೋಗಂಟ ಯಾರಾದ್ರೂ ಬುಡ್ತಾರಾ?”

“ಅಮ್ಮ, ಇದು ಉಗ್ರಾಣ. ತಲೆ ಮೇಲೆ ಹೆಂಚಿದೆ. ಮಂಜು ಎಲ್ಲಿ ಬೀಳುತ್ತೆ?”

“ರೂಢಿ ಕಣಪ್ಪ,” ಎಂದು ಕೆಂಚಮ್ಮ ಸಮಾಧಾನವಾಗಿ ಹೇಳಿದರು.

ಅರ್ಬಾಜ್ ತಾಟು ಎತ್ತಿ, ಮಂಕರಿಯನ್ನು ಮೂರಡಿ ಹಿಂದಕ್ಕೆ ಸರಿಸಿದ. “ಇಲ್ಲಿಟ್ರೂ ಒಣಗುತ್ತೆ ಅಜ್ಜಿ, ಸ್ವಲ್ಪ ನಿಧಾನ ಅಷ್ಟೇ,” ಎಂದ. ದುಡ್ಡು ಬೇಡವೆಂದ. ಕೆಂಚಮ್ಮ ಅವನ ಜೇಬಿಗೆ ಚೆನ್ನಾಗಿ ಒಣಗಿದ ಎರಡು ಹೋಳು ತುರುಕಿದರು. ಮೇಷ್ಟ್ರು ಅವನನ್ನು ಗೇಟಿನವರೆಗೆ ಬಿಟ್ಟುಬಂದರು. ಸಂವಹನದ ಬಗ್ಗೆ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಎಪ್ಪತ್ತು ಡಿಗ್ರಿಗೆ ಇಳಿದ ಕಂಪ್ಯೂಟರ್ ಬಿಟ್ಟ ಬಾಣದಂತೆ ಓಡಿತು. ಪದ್ಮಶ್ರೀ ಊಟಕ್ಕೂ ಏಳಲಿಲ್ಲ. ಮೇಷ್ಟ್ರು ತಟ್ಟೆ ಅಲ್ಲಿಗೇ ತಂದಿಟ್ಟರು, ನೀರು ತಂದಿಟ್ಟರು, ಗಡಿಯಾರ ನೋಡಿದರು. ಮೂರು ಗಂಟೆ ಆಯಿತು. ಮೂರು ಇಪ್ಪತ್ತಕ್ಕೆ ನಾಲ್ಕನೇ ಚಿತ್ರ ಮುಗಿದು ತುರುವೇಕೆರೆಗೆ ಹೋಯಿತು. ಮೂರು ಮೂವತ್ತಕ್ಕೆ ದಯಾನಂದ್ ಫೋನ್ ಬಂತು. ಪದ್ಮಶ್ರೀ ಫೋನ್ ಎತ್ತಿ ಸ್ಪೀಕರ್ ಹಾಕಿದಳು.

“ಫ್ಲೆಕ್ಸ್‌ನವರನ್ನ ಕಾಯಿಸಿ ಇಟ್ಕೊಂಡಿದ್ದೆ ಕಣಮ್ಮ. ಚಿತ್ರ ತುಂಬ ಚೆನ್ನಾಗಿದೆ. ಮನೆ ಕಟ್ಟಿಸೋರಿಗೂ ಒಪ್ಪಿಗೆ ಆಯ್ತು. ಸೋಮವಾರ ಇನ್ನೆರಡು ಮನೆ ಕಳಿಸ್ತೀನಿ, ನಿಮ್ಮ ಹೆಸರು ಹಾಕ್ಕೊಂಡೇ ಮಾಡಿ.”

ಪದ್ಮಶ್ರೀ ಕಣ್ಣೊರೆಸಿಕೊಂಡಳು. ಮೇಷ್ಟ್ರು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

“ಕಂಪ್ಯೂಟರ್ ಕೆಟ್ಟಿತ್ತು ಅಂದಿದ್ರಲ್ಲ, ಯಾರಮ್ಮ ರಿಪೇರಿ ಮಾಡಿದ್ದು?”

ಪದ್ಮಶ್ರೀ ಗಂಡನ ಕಡೆ ತಿರುಗಿ ನೋಡಿದಳು.

“ನಾಲ್ಕು ದಿನದಿಂದ ನಮ್ಮ ಮನೆಯವರೇ ಮಾಡ್ತಿದ್ರು ಸಾರ್,” ಎಂದಳು.

ಮೇಷ್ಟ್ರ ಬೆನ್ನು ತಾನಾಗಿ ನೆಟ್ಟಗಾಯಿತು, ಅಂಗಿಯ ಕಾಲರ್ ಸರಿಮಾಡಿಕೊಂಡರು.

“ಅದಕ್ಕೇ ಸಾರ್, ಇಪ್ಪತ್ತು ನಿಮಿಷ ಲೇಟಾಗಿದ್ದು.”