ಪ್ರಭಣ್ಣನ ಮೇಲಿನ ಸ್ವರ

ಇನ್ನೊಬ್ಬರ ಕ್ಯಾಸೆಟ್ಟಿನೊಳಕ್ಕೆ ನನ್ನ ಗಂಟಲು ತೂರಿಸಿದ್ದು ನಾನೇ. ಯಾರೂ ಕುತ್ತಿಗೆ ಹಿಡಿದು ಹಾಡಿಸಲಿಲ್ಲ. ‘ನಿನ್ನ ಕೈಲಿ ಮಾತ್ರ ಆಗೋದು ಕಣೋ’ ಅಂದರು ಮಾವ, ಮಿಮಿಕ್ರಿ ಮಾಡುವವನಿಗೆ ಅಷ್ಟು ಸಾಕು. ಯಾರಾದರೂ ಹೊಗಳಿದರೆ ಹೊಗಳಿದವರ ದನಿಯಲ್ಲೇ ಥ್ಯಾಂಕ್ಸ್ ಹೇಳುವ ಜನ ನಾವು. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಅಮ್ಮನೂ ಸ್ವಲ್ಪ ಯೋಚಿಸುತ್ತಾಳೆ.

ನನ್ನ ಸೋದರಮಾವ ಶೀನು ಹಗಲೆಲ್ಲ ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು ಸಂಜೆ ಕೀಬೋರ್ಡ್ ನುಡಿಸುವವರು. ಕಾಲೇಜಿನ ಕಾಲದಲ್ಲಿ ನಾಲ್ವರು ಗೆಳೆಯರು ಸೇರಿ ಕಟ್ಟಿದ ಪ್ರೊಗ್ರೆಸಿವ್ ರಾಕ್ ತಂಡ ಅವರದು. ಅದರ ಹಾಡಿನಲ್ಲಿ ಪಲ್ಲವಿ ಎಲ್ಲಿ ಮುಗೀತು, ಚರಣ ಎಲ್ಲಿ ಶುರುವಾಯ್ತು ಅನ್ನುವುದು ಕೇಳುವವರಿಗೂ ಗೊತ್ತಾಗಬಾರದು, ನುಡಿಸುವವರಿಗೂ. ಕಾಲೇಜ್ ಡೇಯಲ್ಲಿ ಇವರು ಶುರು ಮಾಡಿದಾಗ ಎದ್ದು ಹೋಗಿ ದೋಸೆ ತಿಂದು, ಕಾಫಿ ಕುಡಿದು ಬಂದವರಿಗೂ ಅದೇ ಹಾಡು ಕಾದಿರುತ್ತಿತ್ತಂತೆ. ವಯಸ್ಸು ಐವತ್ತರ ಹತ್ತಿರ ಬಂದಾಗ, ತೊಂಬತ್ತರ ದಶಕದ ಕೊನೆಗೆ, ಇವರಿಗೆ ಆಲ್ಬಮ್ ಜ್ವರ ಹತ್ತಿತು. ಒಂಟಿಕೊಪ್ಪಲಿನ ಪುಟ್ಟ ಸ್ಟುಡಿಯೋ ಒಂದರಲ್ಲಿ ಸೊಂಟನೋವಿನ ಪಟ್ಟಿ ಕಟ್ಟಿಕೊಂಡು ಡ್ರಮ್ಮರ್ ಕೂತರು.

ಎಲ್ಲ ಸರಿಹೋಯಿತು, ಕೊನೆಯ ಹಾಡಿನ ಕೊನೆಯ ಮೇಲಿನ ಸ್ವರವೊಂದನ್ನು ಬಿಟ್ಟು. ತಂಡದ ಹಾಡುಗಾರ ಪ್ರಭಣ್ಣ ಅದನ್ನು ಮುಟ್ಟಲು ಹೋದಾಗಲೆಲ್ಲ ಕೆಮ್ಮು ಮಾತ್ರ ಬರುತ್ತಿತ್ತು. ‘ನನ್ನ ದನಿ ಸತ್ತೋಯ್ತು ಶೀನು, ನನ್ನ ಬುಟ್ಬುಡ್ರೋ’ ಅಂತ ಎದ್ದು ಮನೆಗೆ ಹೋದರು. ಅವರಿಲ್ಲದೆ ಆಲ್ಬಮ್ ಇಲ್ಲ. ಆಗ ಮಾವನಿಗೆ ನೆನಪಾದವನು ನಾನು. ಹಳೇ ಕಾಲೇಜ್ ಡೇ ಟೇಪು ಕೇಳಿ ಕೇಳಿ ಹರೆಯದ ಪ್ರಭಣ್ಣನ ದನಿ ಕಲಿತು, ಮನೆಗೆ ಬಂದವರನ್ನೆಲ್ಲ ನಗಿಸುತ್ತಿದ್ದೆ. ಮೈಕಿನ ಮುಂದೆ ನಿಂತು ಅದೇ ದನಿ ತೆಗೆದೆ. ಹಳೇ ಟೇಪಿನಲ್ಲೂ ಇದೇ ಹಾಡಿತ್ತು, ಅದರಲ್ಲಿ ಆ ಸ್ವರ ಸ್ವಲ್ಪ ಶ್ರುತಿ ಜಾರಿತ್ತು. ನಾನು ಮರ್ಯಾದಸ್ಥ, ತಿದ್ದಿ ಹಾಡಿದೆ.

‘ಮೊನ್ನೆ ಹಾಡಿದ್ರಲ್ಲಿ ನಿನ್ನದೇ ಒಂದು ಒಳ್ಳೇ ಟೇಕ್ ಸಿಕ್ತು’ ಅಂತ ಮಾವ ಕೇಳಿಸಿದಾಗ ಪ್ರಭಣ್ಣನ ಕಣ್ಣಲ್ಲಿ ನೀರು. ‘ದನಿ ಇದೆ ಕಣೋ! ಎಲ್ಲೂ ಹೋಗಿಲ್ಲ!’ ಹೆಂಡತಿ ಗಿರಿಜಕ್ಕನಿಗೆ ಕೇಳಿಸಲೇಬೇಕು ಅಂತ ಮಾವನನ್ನೂ ನನ್ನನ್ನೂ ಸರಸ್ವತಿಪುರಂನ ತಮ್ಮ ಮನೆಗೆ ಎಳೆದುಕೊಂಡು ಹೋದರು. ಗಿರಿಜಕ್ಕ ಸೆರಗಲ್ಲಿ ಕೈ ಒರೆಸಿಕೊಂಡು ಕೂತರು. ಮೇಲಿನ ಸ್ವರ ಬಂತು. ಪ್ರಭಣ್ಣ ಮಾರ್ಕ್ಸ್ ಕಾರ್ಡ್ ತೋರಿಸುವ ಹುಡುಗನ ಹಾಗೆ ಹೆಂಡತಿಯ ಮುಖ ನೋಡಿದರು. ನನ್ನ ಮಿಮಿಕ್ರಿಗೆ ಎಷ್ಟೋ ಸಲ ನಕ್ಕಿದ್ದ ಆಕೆ ನೋಡಿದ್ದು ನನ್ನನ್ನು.

“ಇದು ನೀವಲ್ಲ.”

“ನಾನೇ ಕಣೇ!”

ಮಾವನಿಗೆ ಇದ್ದಕ್ಕಿದ್ದಂತೆ ಫ್ಯಾನಿನ ರೆಕ್ಕೆಗಳಲ್ಲಿ ಆಸಕ್ತಿ ಹುಟ್ಟಿತು. ನಾನು ಗಾಬರಿಯಲ್ಲಿ “ಸಾರಿ ಅಕ್ಕ” ಅಂದೆ. ಅದೂ ಪ್ರಭಣ್ಣನ ದನಿಯಲ್ಲೇ ಬಂತು. ಯಾರೂ ನಗಲಿಲ್ಲ. ನನ್ನ ಮಿಮಿಕ್ರಿಗೆ ಹಾಗಾದದ್ದು ಅದೇ ಮೊದಲು. ಪ್ರಭಣ್ಣ ಟೇಪ್ ರೆಕಾರ್ಡರ್ ಆರಿಸಿ, “ಹಾಗಾದ್ರೆ ನಿಜವಾಗ್ಲೂ ಹೋಯ್ತು ಬಿಡು, ನನ್ನ ದನಿ” ಅಂದರು.

“ಎಲ್ಲಿಗ್ರೀ ಹೋಗುತ್ತೆ?” ಗಿರಿಜಕ್ಕ ಎದ್ದರು. “ಆ ಜಾಗ ಬಂದಾಗ ನೀವು ಇಪ್ಪತ್ತರಲ್ಲೂ ಶ್ರುತಿ ತಪ್ತಿದ್ರಿ. ಅದನ್ನ ಕೇಳಿಯೇ ನಾನು ನಿಮ್ಮನ್ನ ಒಪ್ಕೊಂಡಿದ್ದು. ನಾಳೆ ಹೋಗಿ ನೀವೇ ತಪ್ಪಾಗಿ ಹಾಡಿ ಬನ್ನಿ. ಇವನು ಸರಿಯಾಗಿ ಹಾಡಿದ್ದು ಯಾರಿಗ್ರೀ ಬೇಕು?”